ಕಾರಿನ ಹಳದಿ ದೀಪ ಮತ್ತೆ ಮತ್ತೆ ಏಕೆ ಹತ್ತುತ್ತದೆ?

ರಾಯಚೂರಿನಿಂದ ಸಿರವಾರದ ಮೇಲೆ ಲಿಂಗಸೂಗೂರಿಗೆ ಹೋಗುವ ಬಸ್ಸು ಹತ್ತಿದರೆ ನಡುವೆ ಕವಿತಾಳ ಸಿಗುತ್ತದೆ. ಇಂಥ ಯಾವ ಊರಿನಲ್ಲಿ ಇಳಿದು ನೋಡಿದರೂ ಒಂದು ದೃಶ್ಯ ಸಾಮಾನ್ಯ. ದೊಡ್ಡ ನಗರಗಳಲ್ಲಿ ಎಂಟು ಹತ್ತು ವರ್ಷ ಓಡಿ, ಎರಡು ಮೂರು ಕೈ ಬದಲಾಗಿ ಬಂದ ಕಾರುಗಳು ರಸ್ತೆಯ ಬದಿಯಲ್ಲಿ ಬಾಡಿಗೆಗಾಗಿ ನಿಂತಿರುತ್ತವೆ. ಮದುವೆಗೆ ಹೋಗಲು, ಜಾತ್ರೆಗೆ ಹೋಗಲು, ರಾತ್ರಿ ಹೊತ್ತು ಹೆರಿಗೆ ನೋವು ಕಾಣಿಸಿಕೊಂಡರೆ ರಾಯಚೂರಿನ ಆಸ್ಪತ್ರೆ ಮುಟ್ಟಲು ಇವೇ ಆಧಾರ. ಇಂಥ ಕಾರು ನಡುದಾರಿಯಲ್ಲಿ ನಿಂತರೆ ತೊಂದರೆ ಅದರ ಒಡೆಯನೊಬ್ಬನಿಗೇ ಅಲ್ಲ.

ಅಂಥ ಒಂದು ಪೆಟ್ರೋಲ್ ಕಾರನ್ನು ಊಹಿಸಿಕೊಳ್ಳೋಣ. ಅದರ ಚಾಲಕ ಗ್ಯಾರೇಜಿಗೆ ಬಂದು ಹೀಗೆ ಹೇಳುತ್ತಾನೆ:

"ಮಿಸ್ತ್ರಿ ಅಣ್ಣಾ, ಹೋದ ವಾರ ತಾನ ಸೆನ್ಸರ್ ಹಾಕ್ಸೀನಲ್ರೀ. ಮತ್ತ ಲೈಟ್ ಹತ್ತೈತಿ ನೋಡ್ರಿ."

"ಮಷಿನ್ ಹಚ್ಚಿ ನೋಡಿದ್ರ ಅದೇ ಕೋಡ್ ಬರ್ತೈತಿ ತಮ್ಮಾ. ಇನ್ನೊಂದು ಸೆನ್ಸರ್ ಹಾಕಿ ನೋಡೂಣು."

ಹತ್ತಾರು ದಿನದ ದುಡಿಮೆ ಒಂದು ಸೆನ್ಸರಿಗೆ ಹೋಗಿದೆ. ಈಗ ಇನ್ನೊಂದಕ್ಕೆ ಹೋಗಲಿದೆ. ದೀಪ ಮಾತ್ರ ಆರುವುದಿಲ್ಲ. ಇಲ್ಲಿ ತಪ್ಪಿದ್ದು ಎಲ್ಲಿ? ಮಿಸ್ತ್ರಿಯ ಕೈಯಲ್ಲಿ ಕಸುಬಿದೆ, ಚಾಲಕನಿಗೆ ಕಾಳಜಿಯಿದೆ, ಯಂತ್ರ ಸುಳ್ಳು ಹೇಳಿಲ್ಲ. ಆದರೆ ಯಂತ್ರದ ಮಾತಿಗೆ ಅದರಲ್ಲಿಲ್ಲದ ಅರ್ಥವನ್ನು ಹಚ್ಚಲಾಗಿದೆ. ಕೋಡ್ ಎಂಬುದು ಒಂದು ದೂರು, ಅದು ತೀರ್ಪಲ್ಲ. ಈ ವ್ಯತ್ಯಾಸವನ್ನು ತಿಳಿದುಕೊಳ್ಳುವುದೇ ಈ ಪಾಠದ ಉದ್ದೇಶ.

ದೀಪದ ಹಿಂದೆ ಯಾರಿದ್ದಾರೆ?

ಹಳೆಯ ಅಂಬಾಸಿಡರ್ ಕಾರಿನಲ್ಲಿ ಅಥವಾ 1983ರ ಡಿಸೆಂಬರಿನಲ್ಲಿ ಮೊದಲು ರಸ್ತೆಗಿಳಿದ ಮಾರುತಿ 800ರಲ್ಲಿ ಈ ದೀಪ ಇರಲಿಲ್ಲ. ಅವುಗಳಲ್ಲಿ ಗಾಳಿಗೆ ಪೆಟ್ರೋಲನ್ನು ಬೆರೆಸುತ್ತಿದ್ದುದು ಕಾರ್ಬುರೇಟರ್. ಅದರ ಸ್ಕ್ರೂ ತಿರುಗಿಸಿ, ಎಂಜಿನ್ನಿನ ಸದ್ದು ಆಲಿಸಿ, ಪ್ಲಗ್ಗಿನ ಬಣ್ಣ ನೋಡಿ ಮಿಸ್ತ್ರಿ ರೋಗ ಹೇಳುತ್ತಿದ್ದ. 1998ರ ಆಸುಪಾಸಿನಲ್ಲಿ ನಮ್ಮ ದೇಶದ ಸಣ್ಣ ಕಾರುಗಳ ಹಿಂಬದಿಯಲ್ಲಿ 'ಎಂಪಿಎಫ್‌ಐ' ಎಂಬ ಅಕ್ಷರಗಳು ಕಾಣಿಸಿಕೊಳ್ಳತೊಡಗಿದವು. ಪ್ರತಿಯೊಂದು ಸಿಲಿಂಡರಿಗೂ ಬೇರೆ ಬೇರೆ ಇಂಜೆಕ್ಟರ್ ಇದ್ದು, ಅವು ಎಷ್ಟು ಪೆಟ್ರೋಲ್ ಸಿಂಪಡಿಸಬೇಕೆಂಬುದನ್ನು ಒಂದು ಗಣಕ ತೀರ್ಮಾನಿಸುತ್ತದೆ ಎಂಬುದೇ ಅದರ ಅರ್ಥ.

ಈ ಗಣಕಕ್ಕೆ ಕಣ್ಣು ಕಿವಿಗಳಿಲ್ಲ. ಅದಕ್ಕೆ ಇರುವುದು ಸೆನ್ಸರ್‌ಗಳು, ಅಂದರೆ ಸಂವೇದಕಗಳು. ಒಳಹೋಗುವ ಗಾಳಿ ಎಷ್ಟು, ಎಂಜಿನ್ನಿನ ನೀರು ಎಷ್ಟು ಬಿಸಿ, ಕ್ರ್ಯಾಂಕ್ ದಂಡ ಎಷ್ಟು ವೇಗವಾಗಿ ತಿರುಗುತ್ತಿದೆ, ಹೊರಬರುವ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂಬ ಸುದ್ದಿಗಳು ತಂತಿಗಳ ಮೂಲಕ ವೋಲ್ಟೇಜಿನ ರೂಪದಲ್ಲಿ ಅದನ್ನು ತಲುಪುತ್ತವೆ. ಬಂದ ಸುದ್ದಿ ನಿಗದಿತ ಮಿತಿಯನ್ನು ಮೀರಿದರೆ, ಅಥವಾ ಒಂದು ಸುದ್ದಿಗೂ ಇನ್ನೊಂದಕ್ಕೂ ತಾಳೆಯಾಗದಿದ್ದರೆ, ಗಣಕ ತನ್ನ ನೆನಪಿನಲ್ಲಿ ಒಂದು ಸಂಖ್ಯೆಯನ್ನು ಬರೆದಿಟ್ಟುಕೊಂಡು ಹಳದಿ ದೀಪ ಹಚ್ಚುತ್ತದೆ. ಆ ಸಂಖ್ಯೆಯೇ ಕೋಡ್.

ಇದು ಮೊದಲಾದದ್ದು ವಾಯುಮಾಲಿನ್ಯದ ಚಿಂತೆಯಿಂದ. ಅಮೆರಿಕದಲ್ಲಿ 1981ರ ಜನರಲ್ ಮೋಟಾರ್ಸ್ ಕಾರುಗಳಲ್ಲಿ ದೀಪ ಮಿನುಗುವ ಲೆಕ್ಕದಿಂದ ಕೋಡ್ ಓದಬಹುದಾಗಿತ್ತು. ಒಂದು ಸಲ ಮಿನುಗಿ, ಸ್ವಲ್ಪ ತಡೆದು, ಎರಡು ಸಲ ಮಿನುಗಿದರೆ ಕೋಡ್ 12. ಆದರೆ ಒಂದೊಂದು ಕಂಪನಿಯದು ಒಂದೊಂದು ಭಾಷೆಯಾಯಿತು. ಆದ್ದರಿಂದ 1996ರ ಮಾದರಿಗಳಿಂದ ಅಲ್ಲಿನ ಎಲ್ಲ ಕಾರುಗಳಿಗೂ ಒಂದೇ ಬಗೆಯ 16 ಪಿನ್ನಿನ ಸಾಕೆಟ್ಟು, ಒಂದೇ ಬಗೆಯ ಕೋಡ್ ಕಡ್ಡಾಯವಾದವು. ಇದನ್ನೇ ಓಬಿಡಿ-2 ಎನ್ನುವುದು. ಯುರೋಪು ತನ್ನ ಪೆಟ್ರೋಲ್ ಕಾರುಗಳಿಗೆ ಇದನ್ನು 2001ರಲ್ಲಿ ಅನ್ವಯಿಸಿತು.

ನಮ್ಮಲ್ಲಿ ಸೀಸರಹಿತ ಪೆಟ್ರೋಲ್ 1995ರಲ್ಲಿ ನಾಲ್ಕು ಮಹಾನಗರಗಳಿಗೆ ಬಂತು. 2000ದಲ್ಲಿ ದೇಶಕ್ಕೆಲ್ಲ ಹಬ್ಬಿತು. ಭಾರತ್ ಸ್ಟೇಜ್-4 ಕಾರುಗಳಿಗೆ 2010ರಿಂದ ಓಬಿಡಿಯ ಮೊದಲ ಹಂತವೂ 2013ರಿಂದ ಎರಡನೆಯ ಹಂತವೂ ಕಡ್ಡಾಯವಾದವು. ಆದರೆ ಭಾರತ್ ಸ್ಟೇಜ್-4 ಮೊದಲು ಜಾರಿಯಾದದ್ದು ಬೆಂಗಳೂರು, ಹೈದರಾಬಾದ್, ಸೊಲ್ಲಾಪುರದಂಥ ಕೆಲವು ನಗರಗಳಲ್ಲಿ ಮಾತ್ರ. ಇಡೀ ದೇಶಕ್ಕೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ಹಾಗಾಗಿ ಒಂದೇ ವರ್ಷ ತಯಾರಾದ ಎರಡು ಕಾರುಗಳಲ್ಲಿ ಒಂದು ಸಾಮಾನ್ಯ ಸ್ಕ್ಯಾನರಿಗೆ ಉತ್ತರ ಕೊಡಬಹುದು, ಇನ್ನೊಂದು ಮೌನವಾಗಿರಬಹುದು. ಮೌನವಾಗಿದ್ದರೆ ಸ್ಕ್ಯಾನರ್ ಕೆಟ್ಟಿದೆಯೆಂದು ಕೂಡಲೇ ಭಾವಿಸಬಾರದು.

ಕೋಡನ್ನು ಓದುವ ಬಗೆ

ಸ್ಟೀರಿಂಗಿನ ಕೆಳಗೆ, ಚಾಲಕನ ಮೊಣಕಾಲಿನ ಹತ್ತಿರ ಆ ಸಾಕೆಟ್ಟು ಇರುತ್ತದೆ. ಕೆಲವು ನೂರು ರೂಪಾಯಿಗೆ ಸಿಗುವ ಚಿಕ್ಕ ಸಾಧನವನ್ನು ಅದಕ್ಕೆ ಚುಚ್ಚಿ ಮೊಬೈಲಿನಲ್ಲಿಯೇ ಇಂದು ಕೋಡ್ ಓದಬಹುದು. ನಮ್ಮ ಊಹೆಯ ಕಾರು ಕೊಟ್ಟ ಕೋಡ್ 'ಪಿ 0171' ಎಂದುಕೊಳ್ಳಿ. ಅದನ್ನು ಬಿಡಿಸಿ ನೋಡೋಣ.

ಮೊದಲ ಅಕ್ಷರ ದೂರು ಯಾವ ವಿಭಾಗದ್ದೆಂದು ಹೇಳುತ್ತದೆ. 'ಪಿ' ಎಂದರೆ ಎಂಜಿನ್ ಮತ್ತು ಗೇರ್ ವ್ಯವಸ್ಥೆ, 'ಬಿ' ಎಂದರೆ ಬಾಡಿ, 'ಸಿ' ಎಂದರೆ ಬ್ರೇಕು ಮುಂತಾದ ಚಾಸಿಯ ಭಾಗ, 'ಯು' ಎಂದರೆ ಗಣಕಗಳ ನಡುವಿನ ಸಂಪರ್ಕ. ಎರಡನೆಯ ಸ್ಥಾನದಲ್ಲಿ ಸೊನ್ನೆಯಿದ್ದರೆ ಕೋಡ್ ಎಲ್ಲ ಕಂಪನಿಗಳಿಗೂ ಸಮಾನ. ಒಂದು ಇದ್ದರೆ ಆ ಕಂಪನಿಯ ಸ್ವಂತದ್ದು. ಮೂರನೆಯದು ಉಪವಿಭಾಗ: 1 ಮತ್ತು 2 ಗಾಳಿ-ಇಂಧನ, 3 ಕಿಡಿ ಮತ್ತು ಮಿಸ್‌ಫೈರ್, 4 ಹೊಗೆ ನಿಯಂತ್ರಣ, 5 ವೇಗ ಮತ್ತು ಐಡ್ಲಿಂಗ್, 6 ಗಣಕ, 7 ಮತ್ತು 8 ಗೇರ್ ಬಾಕ್ಸ್. ಕೊನೆಯ ಎರಡು ಅಂಕಿಗಳು ನಿರ್ದಿಷ್ಟ ದೂರನ್ನು ಸೂಚಿಸುತ್ತವೆ.

ಪಿ 0171 ಎಂದರೆ 'ಒಂದನೆಯ ಸಾಲಿನ ಸಿಲಿಂಡರ್‌ಗಳಲ್ಲಿ ಮಿಶ್ರಣ ತೆಳುವಾಗಿದೆ', ಅಂದರೆ ಇರುವ ಗಾಳಿಗೆ ಪೆಟ್ರೋಲ್ ಸಾಲುತ್ತಿಲ್ಲ ಎಂದರ್ಥ. ಈ ವಾಕ್ಯದಲ್ಲಿ ಯಾವುದಾದರೂ ಭಾಗ ಕೆಟ್ಟಿದೆ ಎಂಬ ಮಾತಿದೆಯೇ? ಇಲ್ಲ. ಮೈ ಬಿಸಿಯಾಗಿದೆ ಎಂದು ಥರ್ಮಾಮೀಟರ್ ಹೇಳಿದಂತೆ ಇದು. ಜ್ವರ ಮಲೇರಿಯಾದ್ದೋ, ಟೈಫಾಯಿಡ್‌ನದ್ದೋ ಎಂಬುದನ್ನು ಥರ್ಮಾಮೀಟರ್ ಹೇಳುವುದಿಲ್ಲ. ಜ್ವರ ಇಳಿಯಲಿಲ್ಲವೆಂದು ಥರ್ಮಾಮೀಟರನ್ನೇ ಬದಲಾಯಿಸುವವರೂ ಇಲ್ಲ. ಆದರೆ ಕಾರಿನ ವಿಷಯದಲ್ಲಿ ನಾವು ಹಲವು ಸಲ ಅದನ್ನೇ ಮಾಡುತ್ತೇವೆ.

ಅಳಿಸಿದರೂ ಏಕೆ ಮರಳುತ್ತದೆ?

ಸ್ಕ್ಯಾನರಿನ ಒಂದು ಗುಂಡಿ ಒತ್ತಿದರೆ ಕೋಡ್ ಅಳಿಸಿಹೋಗುತ್ತದೆ, ದೀಪ ಆರುತ್ತದೆ. ಬ್ಯಾಟರಿಯ ತಂತಿಯನ್ನು ಸ್ವಲ್ಪ ಹೊತ್ತು ಬಿಚ್ಚಿಟ್ಟರೂ ಹಲವು ಕಾರುಗಳಲ್ಲಿ ಹಾಗೆಯೇ ಆಗುತ್ತದೆ. ಚಾಲಕ ಸಮಾಧಾನದಿಂದ ಮನೆಗೆ ಹೋಗುತ್ತಾನೆ. ಎರಡು ದಿನ ಏನೂ ಇಲ್ಲ. ಮೂರನೆಯ ದಿನ ದೀಪ ಮತ್ತೆ ಹಾಜರ್. ಇದು ಯಂತ್ರದ ಹಟವಲ್ಲ, ಅದರ ನಿಯಮ.

ಒಂದೇ ಸಲ ಕಂಡ ದೋಷವನ್ನು ಗಣಕ ಸಾಮಾನ್ಯವಾಗಿ ನಂಬುವುದಿಲ್ಲ. ಎಂಜಿನ್ ಚಾಲೂ ಮಾಡಿ, ಓಡಿಸಿ, ನಿಲ್ಲಿಸುವುದನ್ನು ಒಂದು ಸುತ್ತು ಎಂದುಕೊಳ್ಳಿ. ಮೊದಲ ಸುತ್ತಿನಲ್ಲಿ ದೋಷ ಕಂಡರೆ ಗಣಕ ಅದನ್ನು 'ಪೆಂಡಿಂಗ್', ಅಂದರೆ ವಿಚಾರಣೆಯಲ್ಲಿರುವ ಕೋಡ್ ಎಂದು ಗುರುತು ಹಾಕಿಕೊಳ್ಳುತ್ತದೆ. ಮರುಸುತ್ತಿನಲ್ಲಿಯೂ ಅದೇ ಕಂಡರೆ ಮಾತ್ರ ದೀಪ ಹಚ್ಚುತ್ತದೆ. ಅನಂತರ ಸತತ ಮೂರು ಸುತ್ತು ದೋಷ ಕಾಣದಿದ್ದರೆ ತಾನಾಗಿಯೇ ದೀಪ ಆರಿಸುತ್ತದೆ. ಆದರೆ ಕೋಡನ್ನು ಕೂಡಲೇ ಮರೆಯುವುದಿಲ್ಲ; ಎಂಜಿನ್ ತಣ್ಣಗಿದ್ದು ಚೆನ್ನಾಗಿ ಬಿಸಿಯಾಗುವ ಸುತ್ತುಗಳು 40 ಆಗುವವರೆಗೆ ನೆನಪಿನಲ್ಲಿಟ್ಟುಕೊಳ್ಳುತ್ತದೆ.

ಆದ್ದರಿಂದ ದೀಪ ಆರಿತೆಂದರೆ ದೋಷ ಹೋಯಿತೆಂದಲ್ಲ. ದೋಷ ಇನ್ನೂ ಎರಡನೆಯ ಸಲ ಕಂಡಿಲ್ಲ ಎಂದಷ್ಟೇ ಇರಬಹುದು. ಇನ್ನೊಂದು ನಷ್ಟವೂ ಇದೆ. ದೋಷ ದಾಖಲಾದ ಕ್ಷಣದಲ್ಲಿ ಎಂಜಿನ್ನಿನ ಸ್ಥಿತಿ ಏನಿತ್ತೆಂಬುದನ್ನು ಗಣಕ ಒಂದು ಫೋಟೋದಂತೆ ತೆಗೆದಿಟ್ಟಿರುತ್ತದೆ. ಇದಕ್ಕೆ 'ಫ್ರೀಜ್ ಫ್ರೇಮ್' ಎಂದು ಹೆಸರು. ಗಾಡಿಯ ವೇಗ, ಎಂಜಿನ್ನಿನ ತಿರುಗುವಿಕೆ, ನೀರಿನ ಬಿಸಿ, ಎಂಜಿನ್ನಿನ ಮೇಲಿನ ಹೊರೆ ಮುಂತಾದವು ಅದರಲ್ಲಿರುತ್ತವೆ. ಅವಸರದಿಂದ ಕೋಡ್ ಅಳಿಸಿದರೆ ಈ ಫೋಟೋ ಕೂಡ ಅಳಿಸಿಹೋಗುತ್ತದೆ. ಕಳ್ಳತನವಾದ ಮನೆಯನ್ನು ಪೊಲೀಸರು ಬರುವ ಮೊದಲೇ ಗುಡಿಸಿ ಸಾರಿಸಿದ ಹಾಗೆ! ಹಾಗಾಗಿ ಮೊದಲ ಪಾಠ ಇದು: ಬರೆದುಕೊಳ್ಳದೆ ಅಳಿಸಬೇಡಿ.

ನಿರಪರಾಧಿ ಸೆನ್ಸರ್

ಈಗ ನಮ್ಮ ಕಾರಿಗೆ ಮರಳೋಣ. ಅದರಲ್ಲಿ ಬದಲಾಯಿಸಿದ್ದು ಆಮ್ಲಜನಕ ಸೆನ್ಸರ್. ಬಾಷ್ ಕಂಪನಿ ತಯಾರಿಸಿದ ಈ ಬಗೆಯ ಸೆನ್ಸರ್ 1976ರಲ್ಲಿ ಮೊದಲು ವೋಲ್ವೋ ಕಾರಿನಲ್ಲಿ ಬಂತು. ಇದೇ ಕಂಪನಿಯ ಭಾರತದ ಶಾಖೆ 1951ರಲ್ಲಿ ಸ್ಥಾಪನೆಯಾದ ಮೈಕೋ. ನಿಮ್ಮ ಹಿರಿಯರಿಗೆ ಮೈಕೋ ಪ್ಲಗ್ಗು ಎಂದರೆ ಗೊತ್ತಿರುತ್ತದೆ. 2008ರಲ್ಲಿ ಅದರ ಹೆಸರೂ ಬಾಷ್ ಎಂದಾಯಿತು.

ಸೈಲೆನ್ಸರ್ ಪೈಪಿನೊಳಗೆ ಮೂತಿ ಚಾಚಿ ಕುಳಿತಿರುವ ಈ ಸೆನ್ಸರ್ ಸುಮಾರು 300 ಡಿಗ್ರಿ ಸೆಲ್ಸಿಯಸ್ ಬಿಸಿಯಾದ ಮೇಲೆ ಕೆಲಸ ಮಾಡುತ್ತದೆ. ಒಂದು ಕಿಲೋಗ್ರಾಂ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಪೆಟ್ರೋಲ್ ಹೆಚ್ಚಾದರೆ ಸಾಮಾನ್ಯ ಬಗೆಯ ಸೆನ್ಸರ್ ಸುಮಾರು 0.9 ವೋಲ್ಟ್ ತೋರಿಸುತ್ತದೆ. ಗಾಳಿ ಹೆಚ್ಚಾದರೆ 0.1 ವೋಲ್ಟಿಗೆ ಇಳಿಯುತ್ತದೆ. ಇದನ್ನು ನೋಡಿಕೊಂಡು ಗಣಕ ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುತ್ತಲೇ ಇರುತ್ತದೆ. ಎಷ್ಟು ಹೆಚ್ಚು ಅಥವಾ ಕಡಿಮೆ ಮಾಡಿತೆಂಬ ಶೇಕಡಾ ಲೆಕ್ಕಕ್ಕೆ 'ಫ್ಯುಯಲ್ ಟ್ರಿಮ್' ಎನ್ನುತ್ತಾರೆ. ಅದು ಸೊನ್ನೆಯ ಆಚೀಚೆ ಶೇಕಡಾ 10ರ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ.

ನಮ್ಮ ಕಾರನ್ನು ಬಿಸಿ ಮಾಡಿ, ಸ್ಕ್ಯಾನರ್ ಹಚ್ಚಿ ನೋಡಿದಾಗ ಐಡ್ಲಿಂಗ್‌ನಲ್ಲಿ ಟ್ರಿಮ್ ಶೇಕಡಾ +24 ಇತ್ತೆಂದುಕೊಳ್ಳಿ. ಎಕ್ಸಲರೇಟರ್ ಒತ್ತಿ ಎಂಜಿನ್ ವೇಗವನ್ನು ನಿಮಿಷಕ್ಕೆ 2500 ಸುತ್ತಿಗೆ ಏರಿಸಿದಾಗ ಅದು +6ಕ್ಕೆ ಇಳಿಯಿತು. ಈ ಎರಡು ಸಂಖ್ಯೆಗಳೇ ಕಳ್ಳನನ್ನು ಹಿಡಿದುಕೊಡುತ್ತವೆ. ಹೇಗೆಂದು ನೋಡೋಣ.

ಈ ಕಾರಿನಲ್ಲಿ ಒಳಹೋಗುವ ಗಾಳಿಯನ್ನು ಅಳೆಯುವ ಮೀಟರ್ ಫಿಲ್ಟರಿನ ಬಳಿ ಇದೆ. ಮೀಟರನ್ನು ದಾಟಿದ ಮೇಲೆ ಯಾವುದೋ ರಬ್ಬರ್ ಪೈಪು ಸೀಳಿದ್ದರೆ ಅಲ್ಲಿಂದ ಕಳ್ಳಗಾಳಿ ಒಳಗೆ ನುಗ್ಗುತ್ತದೆ. ಅದು ಲೆಕ್ಕಕ್ಕೆ ಬರುವುದಿಲ್ಲ. ಎಂಜಿನ್ ನಿಧಾನವಾಗಿ ತಿರುಗುವಾಗ ಲೆಕ್ಕದ ಗಾಳಿ 10 ಪಾಲು, ಕಳ್ಳಗಾಳಿ 2 ಪಾಲು ಎಂದಿಟ್ಟುಕೊಳ್ಳಿ: ತಪ್ಪು ಶೇಕಡಾ 20. ವೇಗ ಹೆಚ್ಚಿ ಲೆಕ್ಕದ ಗಾಳಿ 50 ಪಾಲಾದರೆ ಅದೇ 2 ಪಾಲು ಶೇಕಡಾ 4 ಮಾತ್ರ. ಹಾಗಾಗಿ ಐಡ್ಲಿಂಗ್‌ನಲ್ಲಿ ದೊಡ್ಡದಾಗಿದ್ದು ವೇಗದಲ್ಲಿ ಸಣ್ಣದಾಗುವ ಟ್ರಿಮ್ ಸೀಳಿದ ಪೈಪಿನ ಕಡೆ ಬೆರಳು ಮಾಡುತ್ತದೆ. ತದ್ವಿರುದ್ಧವಾಗಿ, ಏರು ಹತ್ತುವಾಗ ಅಥವಾ ವೇಗದಲ್ಲಿ ಟ್ರಿಮ್ ಹೆಚ್ಚಿದರೆ ಪೆಟ್ರೋಲ್ ಸಾಕಷ್ಟು ಬರುತ್ತಿಲ್ಲವೆಂದು ತಿಳಿಯಬೇಕು. ಆಗ ಪೆಟ್ರೋಲ್ ಫಿಲ್ಟರ್, ಪಂಪು ಅಥವಾ ಧೂಳು ಹಿಡಿದ ಗಾಳಿ ಮೀಟರನ್ನು ಪರೀಕ್ಷಿಸಬೇಕು.

ಒಂದು ಎಚ್ಚರಿಕೆ. ಎಲ್ಲ ಕಾರುಗಳಲ್ಲಿಯೂ ಗಾಳಿ ಮೀಟರ್ ಇರುವುದಿಲ್ಲ. ಹಲವು ಸಣ್ಣ ಕಾರುಗಳು ಒಳದಾರಿಯ ಒತ್ತಡವನ್ನು ಅಳೆದು ಗಾಳಿಯನ್ನು ಲೆಕ್ಕ ಹಾಕುತ್ತವೆ. ಅವುಗಳಲ್ಲಿ ಕಳ್ಳಗಾಳಿ ಬಂದರೆ ಒತ್ತಡವೂ ಏರಿ, ಗಣಕ ಅದಕ್ಕೆ ತಕ್ಕ ಪೆಟ್ರೋಲ್ ಕೊಟ್ಟುಬಿಡುತ್ತದೆ. ಆಗ ತೆಳು ಮಿಶ್ರಣದ ಕೋಡಿಗಿಂತ ಐಡ್ಲಿಂಗ್ ವೇಗ ಏರಿ ನಿಲ್ಲುವುದೇ ಮುಖ್ಯ ಲಕ್ಷಣವಾಗಬಹುದು. ನಿಮ್ಮ ಎದುರಿಗಿರುವ ಕಾರು ಯಾವ ಬಗೆಯದೆಂದು ಮೊದಲು ತಿಳಿದುಕೊಳ್ಳಬೇಕು.

ಹಾಗಾದರೆ ನಮ್ಮ ಕಾರಿನಲ್ಲಿ ಬದಲಾಯಿಸಿದ ಸೆನ್ಸರ್ ಮಾಡಿದ ತಪ್ಪೇನು? ಏನೂ ಇಲ್ಲ. ಗಾಳಿ ಹೆಚ್ಚಾಗಿದೆ ಎಂದು ಅದು ನಿಜವನ್ನೇ ಹೇಳುತ್ತಿತ್ತು. ಹೊಸದಾಗಿ ಬಂದ ಸೆನ್ಸರ್ ಕೂಡ ಅದೇ ನಿಜವನ್ನು ಹೇಳಿತು. ಸಾಕ್ಷಿ ಹೇಳಿದವನನ್ನೇ ಅಪರಾಧಿ ಎಂದು ಹಿಡಿದಿದ್ದೆವು. ಬೇಕಾಗಿದ್ದುದು ಸೆನ್ಸರ್ ಬೆಲೆಯ ಒಂದು ಸಣ್ಣ ಪಾಲಿಗೆ ಸಿಗುವ ರಬ್ಬರ್ ಪೈಪಿನ ತುಂಡು.

ಸೀಳನ್ನು ಹುಡುಕುವಾಗ ಕೆಲವರು ಪೆಟ್ರೋಲ್ ಚಿಮುಕಿಸಿ ನೋಡುತ್ತಾರೆ. ಬಿಸಿ ಎಂಜಿನ್ನಿನ ಮೇಲೆ ಇದು ಬೆಂಕಿಗೆ ಆಹ್ವಾನ, ಎಂದೂ ಮಾಡಬೇಡಿ. ಎಂಜಿನ್ ನಿಲ್ಲಿಸಿ ಪೈಪುಗಳನ್ನು ಬಗ್ಗಿಸಿ ನೋಡುವುದು, ಚಾಲೂ ಇರುವಾಗ ಬೆಲ್ಟು, ಫ್ಯಾನುಗಳಿಂದ ದೂರ ನಿಂತು ಸುಯ್ಯೆನ್ನುವ ಸದ್ದನ್ನು ಆಲಿಸುವುದು ಸುರಕ್ಷಿತ.

ಸೆನ್ಸರೋ, ತಂತಿಯೋ?

ಇನ್ನೊಂದು ಬಗೆಯ ಕೋಡ್ ಸೆನ್ಸರಿನ ಸರ್ಕೀಟಿಗೇ ಸಂಬಂಧಿಸಿದ್ದು. ಪಿ 0117 ಮತ್ತು ಪಿ 0118 ಎಂಜಿನ್ ನೀರಿನ ಬಿಸಿ ಅಳೆಯುವ ಸರ್ಕೀಟಿನ ದೂರುಗಳು. ಇಲ್ಲಿಯೂ ಕೋಡ್ ಹೇಳುವುದು 'ಸರ್ಕೀಟ್' ಎಂದೇ ಹೊರತು 'ಸೆನ್ಸರ್' ಎಂದಲ್ಲ. ಸರ್ಕೀಟ್ ಎಂದರೆ ಸೆನ್ಸರ್, ತಂತಿ, ಕನೆಕ್ಟರ್, ಗಣಕ ಎಲ್ಲವೂ ಸೇರಿದ್ದು. ನಿಮ್ಮ ಭೌತಶಾಸ್ತ್ರದ ಓಮನ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ.

ಈ ಸೆನ್ಸರ್ ಒಂದು ಥರ್ಮಿಸ್ಟರ್. ಬಿಸಿಯಾದಂತೆ ಅದರ ರೋಧ ಕಡಿಮೆಯಾಗುತ್ತದೆ. ಅನೇಕ ಕಾರುಗಳಲ್ಲಿ 20 ಡಿಗ್ರಿಯಲ್ಲಿ ಸುಮಾರು 2500 ಓಮ್ ಇದ್ದದ್ದು 80 ಡಿಗ್ರಿಯಲ್ಲಿ ಸುಮಾರು 300 ಓಮ್‌ಗೆ ಇಳಿಯುತ್ತದೆ. ಗಣಕ ತನ್ನೊಳಗಿನ ಒಂದು ಸ್ಥಿರ ರೋಧದ ಮೂಲಕ 5 ವೋಲ್ಟ್ ಕಳುಹಿಸುತ್ತದೆ. ಆ ಸ್ಥಿರ ರೋಧವೂ 2500 ಓಮ್ ಎಂದುಕೊಂಡರೆ 20 ಡಿಗ್ರಿಯಲ್ಲಿ ಗಣಕ ಕಾಣುವುದು 2.5 ವೋಲ್ಟ್. 80 ಡಿಗ್ರಿಯಲ್ಲಿ 5ನ್ನು 300ರಿಂದ ಗುಣಿಸಿ 2800ರಿಂದ ಭಾಗಿಸಿ: ಸುಮಾರು ಅರ್ಧ ವೋಲ್ಟ್. ತಂತಿ ತುಂಡಾದರೆ ವಿದ್ಯುತ್ ಹರಿಯುವುದೇ ಇಲ್ಲ; ಗಣಕ ಪೂರ್ತಿ 5 ವೋಲ್ಟ್ ಕಂಡು 'ಎಂಜಿನ್ ಹಿಮದಷ್ಟು ತಣ್ಣಗಿದೆ' ಎಂದು ತಿಳಿಯುತ್ತದೆ. ಕವಿತಾಳದ ಮೇ ತಿಂಗಳ ಮಧ್ಯಾಹ್ನದಲ್ಲಿ ಸ್ಕ್ಯಾನರ್ ಮೈನಸ್ 40 ಡಿಗ್ರಿ ತೋರಿಸಿದರೆ ನಗುವುದರ ಜೊತೆಗೆ ಯೋಚಿಸಬೇಕು. ಇದು ಹವಾಮಾನವಲ್ಲ, ತುಂಡಾದ ಸರ್ಕೀಟು!

ತುಂಡಾಗಿರುವುದು ಎಲ್ಲಿ? ಎಂಜಿನ್ ನಿಲ್ಲಿಸಿ, ಕೀಲಿ ಆನ್ ಇಟ್ಟು, ಸೆನ್ಸರಿನ ಎರಡು ತಂತಿಯ ಕನೆಕ್ಟರ್ ಬಿಚ್ಚಿ, ಆ ಎರಡು ತಂತಿಗಳನ್ನು ಒಂದು ಸಣ್ಣ ತಂತಿಯಿಂದ ಕೂಡಿಸಿ ನೋಡುತ್ತಾರೆ. ಕೂಡಲೇ ಸ್ಕ್ಯಾನರಿನಲ್ಲಿ ಬಿಸಿಯ ಅಂಕಿ ಗರಿಷ್ಠಕ್ಕೆ ಜಿಗಿದರೆ ತಂತಿಯೂ ಗಣಕವೂ ಸರಿಯಾಗಿವೆ; ತಪ್ಪು ಸೆನ್ಸರಿನದು. ಅಂಕಿ ಮೈನಸ್ 40ರಲ್ಲಿಯೇ ಉಳಿದರೆ ಸೆನ್ಸರ್ ನಿರಪರಾಧಿ, ತಂತಿಯನ್ನು ಹಿಂಬಾಲಿಸಬೇಕು. ಇದನ್ನು ಅನುಭವಸ್ಥರ ಎದುರಿನಲ್ಲಿ, ಈ ಸೆನ್ಸರಿನ ಕನೆಕ್ಟರಿನಲ್ಲಿ ಮಾತ್ರ ಮಾಡಬೇಕು. ಬೇರೆ ಕಡೆ ತಂತಿ ಕೂಡಿಸಿದರೆ ಗಣಕವೇ ಸುಟ್ಟುಹೋಗಬಹುದು.

ಅದಲು ಬದಲು ಪರೀಕ್ಷೆ

ಪಿ 0300 ಎಂದರೆ ಯಾವುದೋ ಸಿಲಿಂಡರ್ ಆಗಾಗ ಉರಿಯದೆ ಹೋಗುತ್ತಿದೆ ಎಂದರ್ಥ. ಪಿ 0302 ಎಂದರೆ ಎರಡನೆಯ ಸಿಲಿಂಡರ್. ಒಂದೊಂದು ಸಿಲಿಂಡರಿಗೂ ಬೇರೆ ಬೇರೆ ಇಗ್ನಿಷನ್ ಕಾಯಿಲ್ ಇರುವ ಕಾರಾದರೆ ಪರೀಕ್ಷೆ ಸುಲಭ. ಎರಡನೆಯದರ ಕಾಯಿಲನ್ನು ಮೂರನೆಯದಕ್ಕೆ, ಮೂರನೆಯದನ್ನು ಎರಡನೆಯದಕ್ಕೆ ಹಾಕಿ ಓಡಿಸಿ. ಕೋಡ್ ಪಿ 0303 ಆಗಿ ಬದಲಾದರೆ ದೋಷ ಕಾಯಿಲಿನ ಜೊತೆಗೆ ಹೋಯಿತು ಎಂದಾಯಿತು. ಬದಲಾಗದಿದ್ದರೆ ಕಾಯಿಲ್ ಬಿಟ್ಟು ಪ್ಲಗ್ಗು, ಇಂಜೆಕ್ಟರ್, ಕೊನೆಗೆ ಸಿಲಿಂಡರಿನ ಕಂಪ್ರೆಶನ್ ನೋಡಬೇಕು. ಹೊಸ ಭಾಗಕ್ಕೆ ಒಂದು ರೂಪಾಯಿಯನ್ನೂ ಸುರಿಯದೆ ಉತ್ತರ ಸಿಕ್ಕಿತು. ಪ್ರಯೋಗಶಾಲೆಯಲ್ಲಿ ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಾಯಿಸಬೇಕೆಂದು ಗುರುಗಳು ಹೇಳುತ್ತಾರಲ್ಲ, ಇದು ಅದೇ ನಿಯಮ.

ದೀಪ ಸುಮ್ಮನೆ ಉರಿಯುವುದಕ್ಕೂ ಮಿನುಗುವುದಕ್ಕೂ ವ್ಯತ್ಯಾಸವಿದೆ. ಮಿನುಗುತ್ತಿದ್ದರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ, ಅಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಹೊತ್ತಿಕೊಂಡು ಅದನ್ನೇ ಕರಗಿಸಬಹುದು. ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂನಂಥ ದುಬಾರಿ ಲೋಹಗಳ ಲೇಪ ಅದರೊಳಗಿದೆ. ಆಗ ವೇಗ ತಗ್ಗಿಸಿ, ಸುರಕ್ಷಿತ ಜಾಗ ನೋಡಿ ಗಾಡಿ ನಿಲ್ಲಿಸುವುದೇ ಜಾಣತನ. ಮುಂದೆ ಪಿ 0420, ಅಂದರೆ ಕನ್ವರ್ಟರಿನ ಸಾಮರ್ಥ್ಯ ಕುಗ್ಗಿದೆ ಎಂಬ ಕೋಡ್ ಬಂದರೂ ಮೊದಲು ಸೈಲೆನ್ಸರ್ ಪೈಪಿನ ಸೋರಿಕೆ, ಮಿಸ್‌ಫೈರ್, ಆಯಿಲ್ ಸುಡುವಿಕೆ ಇವೆಯೇ ಎಂದು ನೋಡಬೇಕು. ಕಾರಣ ಉಳಿದರೆ ಹೊಸ ಕನ್ವರ್ಟರಿಗೂ ಅದೇ ಗತಿ.

ನಮ್ಮ ಸೀಮೆಯ ಕಾರಣಗಳು

ಪುಸ್ತಕದಲ್ಲಿ ಬರೆದ ಕಾರಣಗಳ ಜೊತೆಗೆ ಊರಿನ ಹವೆ, ನೆಲಗಳನ್ನೂ ಗಮನಿಸಬೇಕು. ರಾಯಚೂರು ಸೀಮೆಯ ಬೇಸಿಗೆ 40 ಡಿಗ್ರಿಯನ್ನು ದಾಟುತ್ತದೆ. ಬಾನೆಟ್ಟಿನ ಕೆಳಗಿನ ಬಿಸಿ ಅದಕ್ಕಿಂತ ಬಹಳ ಹೆಚ್ಚು. ರಬ್ಬರ್ ಪೈಪು ಗಡುಸಾಗಿ ಬಿರಿಯುವುದು, ಪ್ಲಾಸ್ಟಿಕ್ ಕನೆಕ್ಟರಿನ ಕೊಂಡಿ ಮುರಿಯುವುದು ಇದರ ಫಲ. ಬೆಳಗಿನ ತಂಪಿನಲ್ಲಿ ಕೂಡಿಕೊಂಡಿರುವ ಸೀಳು ಮಧ್ಯಾಹ್ನ ಬಾಯಿ ಬಿಡಬಹುದು. ಬೆಳಗ್ಗೆ ಗ್ಯಾರೇಜಿನಲ್ಲಿ ಸರಿಯಾಗಿದ್ದ ಕಾರು ಮಧ್ಯಾಹ್ನ ದೀಪ ಹಚ್ಚುವುದರ ಗುಟ್ಟು ಇದು. ಎರೆ ಮಣ್ಣಿನ ದಾರಿಯ ಧೂಳು ಗಾಳಿ ಫಿಲ್ಟರನ್ನು ಬೇಗ ಕಟ್ಟಿಸುತ್ತದೆ. ಫಿಲ್ಟರ್ ಸರಿಯಾಗಿ ಕೂರದಿದ್ದರೆ ಆ ಧೂಳು ಗಾಳಿ ಮೀಟರಿನ ಮೇಲೆ ಕೂರುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಕಡೆಗಳಲ್ಲಿ ಭತ್ತದ ಗದ್ದೆಗಳಿವೆ, ಗದ್ದೆಗಳಿದ್ದಲ್ಲಿ ಇಲಿಗಳಿವೆ. ರಾತ್ರಿ ಬೆಚ್ಚಗಿರುವ ಬಾನೆಟ್ಟಿನೊಳಗೆ ಸೇರಿ ಅವು ತಂತಿಯ ಹೊದಿಕೆ ಕಡಿಯುತ್ತವೆ. ಅರ್ಧ ಕಡಿದ ತಂತಿ ಗುಂಡಿಯ ರಸ್ತೆಯಲ್ಲಿ ಕುಲುಕಿದಾಗ ಬಿಡುತ್ತದೆ, ನಿಂತಾಗ ಕೂಡುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಹಲವು ಕೋಡ್‌ಗಳು ಒಮ್ಮೆಗೇ ಬಂದರೆ ಅಷ್ಟೂ ಸೆನ್ಸರ್‌ಗಳು ಒಂದೇ ದಿನ ಕೆಟ್ಟವೆಂದು ನಂಬಬೇಡಿ. ಅವೆಲ್ಲಕ್ಕೂ ಸಮಾನವಾದ ಜಾಗವನ್ನು, ಅಂದರೆ ಬ್ಯಾಟರಿ, ಫ್ಯೂಸು, ಅರ್ಥ್ ತಂತಿಗಳನ್ನು ನೋಡಿ. ಎಂಜಿನ್ ನಿಂತಾಗ ಚೆನ್ನಾಗಿರುವ ಬ್ಯಾಟರಿ ಸುಮಾರು 12.6 ವೋಲ್ಟ್, ಓಡುವಾಗ ಅನೇಕ ಕಾರುಗಳಲ್ಲಿ 13.8ರಿಂದ 14.4 ವೋಲ್ಟ್ ತೋರಿಸಬೇಕು. ತುಕ್ಕು ಹಿಡಿದ ಒಂದು ಅರ್ಥ್ ಬೋಲ್ಟು ಹತ್ತು ಸುಳ್ಳು ದೂರುಗಳನ್ನು ಹುಟ್ಟಿಸಬಲ್ಲದು.

ರಿಪೇರಿ ಮುಗಿಯಿತೆಂದು ಹೇಳುವುದು ಯಾವಾಗ?

ಕೆಲಸದ ಕ್ರಮವನ್ನು ಹೀಗೆ ನೆನಪಿಡಬಹುದು. ಮೊದಲು ಕೋಡ್ ಮತ್ತು ಫ್ರೀಜ್ ಫ್ರೇಮನ್ನು ಬರೆದುಕೊಳ್ಳಬೇಕು. ಚಾಲಕನ ಮಾತು ಕೇಳಬೇಕು: ದೀಪ ಹತ್ತುವುದು ಬಿಸಿಲಿನಲ್ಲೋ, ಏರಿನಲ್ಲೋ, ಪೆಟ್ರೋಲ್ ಹಾಕಿಸಿದ ಮೇಲೋ? ಆಮೇಲೆ ಕಣ್ಣಿಗೆ ಕಾಣುವ ಪೈಪು, ತಂತಿ, ಫಿಲ್ಟರ್‌ಗಳನ್ನು ನೋಡಬೇಕು. ಒಂದು ಊಹೆ ಮಾಡಿ, ಅದು ಸುಳ್ಳೆಂದು ತೋರಿಸಬಲ್ಲ ಒಂದು ಪರೀಕ್ಷೆ ಮಾಡಬೇಕು. ಊಹೆ ಉಳಿದರೆ ಮಾತ್ರ ಭಾಗ ಬದಲಾಯಿಸಬೇಕು.

ಕೊನೆಯ ಹಂತವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಕೋಡ್ ಅಳಿಸಿದ ಮೇಲೆ, ಮೊದಲು ದೋಷ ಕಂಡ ಸ್ಥಿತಿಯಲ್ಲಿಯೇ ಕಾರನ್ನು ಮತ್ತೆ ಓಡಿಸಬೇಕು. ಫ್ರೀಜ್ ಫ್ರೇಮಿನಲ್ಲಿ ಬಿಸಿ ಎಂಜಿನ್, ನಿಂತ ಗಾಡಿ ಎಂದಿದ್ದರೆ ತಣ್ಣನೆಯ ಎಂಜಿನ್ನಿನಲ್ಲಿ ಊರು ಸುತ್ತಿ ಬಂದರೆ ಪ್ರಯೋಜನವಿಲ್ಲ. ನಮ್ಮ ಕಾರಿನಲ್ಲಿ ಪೈಪು ಹಾಕಿದ ಮೇಲೆ ಐಡ್ಲಿಂಗ್ ಟ್ರಿಮ್ +24ರಿಂದ +3ಕ್ಕೆ ಇಳಿದು, ಎರಡು ಮೂರು ದಿನ ಓಡಿಸಿದರೂ ಪೆಂಡಿಂಗ್ ಕೋಡ್ ಬಾರದಿದ್ದರೆ ಆಗ ರಿಪೇರಿ ಮುಗಿಯಿತು ಎನ್ನಬಹುದು. ದೀಪ ಆರಿದ್ದು ಸಾಕ್ಷಿಯಲ್ಲ. ಟ್ರಿಮ್ ಇಳಿದದ್ದು ಸಾಕ್ಷಿ.

ಹತ್ತನೆಯ ತರಗತಿ ಮುಗಿಸಿದವರು ಐ.ಟಿ.ಐ.ಯಲ್ಲಿ ಎರಡು ವರ್ಷದ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿಯನ್ನು, ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಆಟೋಮೊಬೈಲ್ ಡಿಪ್ಲೊಮಾವನ್ನು ಪಡೆಯಬಹುದು. ಆದರೆ ಇಲ್ಲಿ ಹೇಳಿದ ವಿಧಾನವನ್ನು ಕಲಿಯಲು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಓಮನ ನಿಯಮ, ಶೇಕಡಾ ಲೆಕ್ಕ, ದಹನಕ್ರಿಯೆ ಇವು ಪರೀಕ್ಷೆ ಬರೆದು ಮರೆಯುವ ಪಾಠಗಳಲ್ಲ. ನಿಮ್ಮೂರಿನ ಗ್ಯಾರೇಜಿನ ಮಿಸ್ತ್ರಿಯ ಕೈಗೆ ನಿಮ್ಮ ಲೆಕ್ಕ ಕೂಡಿದರೆ, ಯಾರದೋ ಹತ್ತು ದಿನದ ದುಡಿಮೆ ಉಳಿಯುತ್ತದೆ. ರಾತ್ರಿ ಹೊತ್ತು ಆಸ್ಪತ್ರೆಗೆ ಹೊರಟ ಕಾರು ನಡುದಾರಿಯಲ್ಲಿ ನಿಲ್ಲದೆ ರಾಯಚೂರು ಮುಟ್ಟುತ್ತದೆ.